ಮೃತನು ತಲೆಯಾಡಿಸಿದ ಬಗ್ಗೆ

೨೧ ಅಕ್ಟೋಬರ್ ೨೦೨೪, ಸೋಮವಾರ

ವಿವರಗಳು ಈ ಕೆಳಗಿನಂತಿವೆ.

೧. ಬರೆಯುವವನು: ಶರಣಬಸಪ್ಪ ತಂದೆ ಮಲಕಪ್ಪ ಹಂಜಗಿ, ವಯಸ್ಸು ಎಪ್ಪತ್ತೊಂಬತ್ತು. ಮೂಲ ವಾಸ ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಹಾಲಿ ವಾಸ ಮುಂಬಯಿಯ ದಹಿಸರ್ ಪೂರ್ವ, ಹಳೆಯ ಚಾಳಿನ ಮೇಲಿನ ಮಹಡಿ. ಉದ್ಯೋಗ: ದಾದರಿನಲ್ಲಿ ಕುಳಿತು, ಹೊಲಮನೆ ಬಿಟ್ಟು ದುಡಿಯಲು ಬಂದ ನಮ್ಮ ಕಡೆಯ ಜನರಿಗೆ ಊರಿನ ಕಚೇರಿಗಳಿಗೆ ಕನ್ನಡದಲ್ಲಿ ಅರ್ಜಿ ಬರೆದುಕೊಡುವುದು. ಈಗ ನಿವೃತ್ತ.

೨. ಮೃತನು: ಗುರುಬಸವ ತಂದೆ ದಿವಂಗತ ಶ್ರೀಶೈಲ ಹಂಜಗಿ, ವಯಸ್ಸು ಇಪ್ಪತ್ತಾರು, ಬರೆಯುವವನ ಮಗನ ಮಗ. ಉದ್ಯೋಗ: ರಾಗವಿಲ್ಲದೆ ತಾಳಕ್ಕೆ ಸರಿಯಾಗಿ ಮಾತನಾಡುವುದು. ಇದಕ್ಕೆ ರ‍್ಯಾಪ್ ಎನ್ನುತ್ತಾರೆ. ಮನೆಯವರಿಗೆ ಅವನು ಬಸ್ಯಾ, ಈ ಉದ್ಯೋಗದಲ್ಲಿ ಅವನ ಹೆಸರು ‘ತೀನ್ ಮಾಲಾ’. ನಾವು ವಾಸಿಸುವ ಮೂರು ಮಹಡಿಯ ಈ ಕಟ್ಟಡವನ್ನು ಜನ ಕರೆಯುವುದು ಹಾಗೆ.

೩. ಮರಣ: ಕಳೆದ ಶನಿವಾರ ಬೆಳಿಗ್ಗೆ, ಆಸ್ಪತ್ರೆಯಲ್ಲಿ, ಡೆಂಗಿ ಜ್ವರದಿಂದ.

೪. ಸಂಸ್ಕಾರ: ಭಾನುವಾರ, ನಮ್ಮ ಲಿಂಗಾಯತ ಪದ್ಧತಿಯಂತೆ. ಸ್ನಾನ, ವಿಭೂತಿ, ತಲೆಗೆ ರುಮಾಲು, ಅಂಗೈಯಲ್ಲಿ ಲಿಂಗ. ದೇಹವನ್ನು ಮಲಗಿಸದೆ ಕೂರಿಸಿ, ಭಜನೆ ಮಾಡಿ, ಕೂತ ಸ್ಥಿತಿಯಲ್ಲಿಯೇ ಸಮಾಧಿ.

೫. ಮನೆಯಲ್ಲಿ ಉಳಿದವರು: ಬರೆಯುವವನು ಮತ್ತು ಮೃತನ ತಾಯಿ ದಾನವ್ವ.

೬. ಬರೆಯಲು ಕಾರಣ: ಕೆಳಗಿಳಿಯಲು ಸಾಧ್ಯವಾಗುತ್ತಿಲ್ಲ.

ಆರನೆಯ ಅಂಶವನ್ನು ವಿಸ್ತರಿಸಬೇಕಾಗಿದೆ. ಚಾಳಿನ ಗೇಟಿನಿಂದ ರಿಕ್ಷಾ ಸ್ಟ್ಯಾಂಡಿನವರೆಗೆ ಹುಡುಗ ಹುಡುಗಿಯರು ತುಂಬಿದ್ದಾರೆ. ಮೆಟ್ಟಿಲ ಮೇಲೆಲ್ಲ ಮೇಣದಬತ್ತಿ ಹಚ್ಚಿದ್ದಾರೆ. ಮೇಣ ಹರಿದು ಗಟ್ಟಿಯಾಗಿ, ಎರಡನೆಯ ಮಹಡಿಯ ರುಕ್ಮಿಣಿಬಾಯಿ ಜಾರಿಬಿದ್ದು ಸೊಂಟ ಹಿಡಿದುಕೊಂಡು ಮಲಗಿದ್ದಾರೆ. ಗೋಡೆಗಳ ಮೇಲೆ ಬಣ್ಣದಿಂದ ಏನೇನೋ ಗೀಚಿದ್ದಾರೆ. ನಾನು ಗ್ಯಾಲರಿಯ ಬಾಗಿಲು ತೆರೆದರೆ ಸಾಕು, “ಆಜೋಬಾ! ಆಜೋಬಾ!” (ಮರಾಠಿಯಲ್ಲಿ ಅಜ್ಜ) ಎಂದು ಕಿರುಚಿ, ಎಲ್ಲರೂ ಮೊಬೈಲು ಎತ್ತಿ ಹಿಡಿಯುತ್ತಾರೆ. ಸತ್ತವರ ಮನೆಯ ಮುಂದೆ ಹೇಗಿರಬೇಕೆಂಬ ತಿಳಿವಳಿಕೆ ಈ ಪೀಳಿಗೆಗೆ ಇಲ್ಲ.

ಬಾಗಿಲು ಮುಚ್ಚಿದ್ದೇನೆ. ಸೆಕೆಯೆಂದರೆ ಹೇಳತೀರದು.

೨೨ ಅಕ್ಟೋಬರ್, ಮಂಗಳವಾರ

ಇಂದು ಸಮಾಧಿಗೆ ಹಾಲುತುಪ್ಪ ಎರೆಯುವ ದಿನ. ಸೊಸೆಯು ಬೆಳಿಗ್ಗೆಯೇ ತಂಬಿಗೆ ತೊಳೆದು, ಸೆರಗು ಹೊದ್ದು ಸಿದ್ಧಳಾದಳು. ಗೇಟಿನವರೆಗೆ ತಲುಪಿದೆವು. ಅಲ್ಲಿ ಜನರು ಅವಳ ಕಾಲಿಗೆ ಬಿದ್ದರು. ಒಬ್ಬನು ಬಿದ್ದನೆಂದು ಮತ್ತೊಬ್ಬನು ಬಿದ್ದನು. “ಆಯೀ! ಆಯೀ!” ಎಂದು ಅವಳ ಸೀರೆಯ ಅಂಚು ಹಿಡಿದು ಅಳತೊಡಗಿದರು. ತಂಬಿಗೆಯ ಹಾಲು ಅವರ ತಲೆಗಳ ಮೇಲೆ ಚೆಲ್ಲಿತು. ಅವಳು ಯಾರನ್ನೂ ಬೈಯಲಿಲ್ಲ. ಹಾಲು ತಗುಲಿದ ಹುಡುಗನೊಬ್ಬನ ತಲೆಯನ್ನು ಸೆರಗಿನಿಂದ ಒರೆಸಿ, ಮೇಲಕ್ಕೆ ಬಂದುಬಿಟ್ಟಳು.

ಹಾಲುತುಪ್ಪದ ಕಾರ್ಯವನ್ನು ಬಂಡೆಪ್ಪನು ನೆರವೇರಿಸಿದನು. ಬಂಡೆಪ್ಪನು ನಮ್ಮ ಊರಿನವನು, ಇಲ್ಲಿ ಕಿರಾಣಿ ಅಂಗಡಿ ನಡೆಸುತ್ತಾನೆ. ಹಿಂದಿನ ಗಟಾರದ ಓಣಿಯಿಂದ ನುಸುಳಿ ಬಂದು, ಹಾಲಿನ ಚೀಲವನ್ನೂ ಬ್ರೆಡ್ಡನ್ನೂ ಇಟ್ಟು, ಏದುಸಿರು ಬಿಡುತ್ತ ಕುಳಿತನು.

“ಅಣ್ಣಾರ, ಲಾಲಬಾಗದ ಗಣಪತಿಗೂ ಇಷ್ಟ ಮಂದಿ ನಿಂದ್ರೂದಿಲ್ಲ ನೋಡ್ರಿ. ನಾ ಇನ್ನ ಪ್ರಸಾದ ಹಂಚೂದೊಂದು ಬಾಕಿ.”

“ಎಂದು ಹೋಗುತ್ತಾರಂತೆ?” ಎಂದು ಕೇಳಿದೆನು.

“ಹೋಗೂದು ಎಲ್ಲಿ ಬಂತ್ರಿ? ಬಸ್ಯಾ ಸತ್ತಿಲ್ಲ ಅಂತಾರ ಅವರು.”

ಸಂಗತಿ ಇಷ್ಟು. ಭಾನುವಾರ ದರ್ಶನಕ್ಕೆ ಬಂದ ಹುಡುಗಿಯೊಬ್ಬಳು ಬಾಗಿಲ ಬಳಿ ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆದಿದ್ದಾಳೆ. ಅದರಲ್ಲಿ ಮೃತನು ರುಮಾಲು ಸುತ್ತಿಕೊಂಡು, ಕೊರಳ ತುಂಬ ಹಾರ ಹಾಕಿಕೊಂಡು ಕುಳಿತಿದ್ದಾನೆ. ಭಜನೆ ನಡೆದಿದೆ. ನಡುವೆ ಅವನ ತಲೆ ಅಲುಗುತ್ತದೆ. ಸತ್ತವರನ್ನು ಮಲಗಿಸುವುದನ್ನು ಮಾತ್ರ ಕಂಡವರು ಇದನ್ನು ನೋಡಿ, ‘ಭಾಯ್ ಬೈಠಾ ಹೈ, ಭಾಯ್ ಜಿಂದಾ ಹೈ’ ಎಂದು ಊರೆಲ್ಲ ಹಬ್ಬಿಸಿದ್ದಾರೆ. ಬದುಕಿದ್ದವನನ್ನೇ ಹೂಳಿದರೆಂದು ಕೆಲವರು. ಹೂಳಿದ್ದೇ ಸುಳ್ಳು, ಮೇಲಿನ ಮಹಡಿಯಲ್ಲಿ ಬಚ್ಚಿಟ್ಟಿದ್ದಾರೆಂದು ಕೆಲವರು.

“ಕುತ್ತಿಗಿ ಬಟ್ಟಿ ಸಡ್ಲಾಗಿತ್ರಿ, ನಾ ಹಿಂದಿಂದ ಜಗ್ಗಿದೆ” ಎಂದನು ಬಂಡೆಪ್ಪ. “ಅದನ್ನ ಹೇಳಾಕ ಹೋದ್ರ, ‘ಇವನ ನೋಡ್ರಿ, ಭಾಯ್‌ನ ಕುತ್ತಿಗಿಗೆ ಹಗ್ಗಾ ಹಾಕಿದಂವ’ ಅಂತ ನನ್ನ ಫೋಟೋ ಬಿಟ್ಟಾರ. ಹೆಂಡತಿ ತವರಿಂದ ಫೋನ್ ಬಂದು, ‘ಏನ್ ಮಾಡಿದ್ರಿ ಅಳಿಯಂದ್ರ’ ಅಂತ ಕೇಳ್ಲಿಕ್ಹತ್ಯಾರ.”

ಹಾಸ್ಯಕ್ಕೆ ನಗುವ ಸ್ಥಿತಿಯಲ್ಲಿ ನಾವಿಬ್ಬರೂ ಇರಲಿಲ್ಲ. ಆದರೂ ಸೊಸೆಯ ತುಟಿ ಕೊಂಚ ಅಲುಗಿತು. ಆಮೇಲೆ ಅವಳು ಕೇಳಿದಳು: “ಆ ವಿಡಿಯೋ ನಿಮ್ಮ ಮೊಬೈಲನ್ಯಾಗ ಅದ ಏನ್ರಿ ಕಾಕಾ?”

ಇಲ್ಲವೆಂದನು. ಇದ್ದಿತೆಂದು ನನಗೆ ಅನ್ನಿಸಿತು.

೨೩ ಅಕ್ಟೋಬರ್, ಬುಧವಾರ

ಹವಾಲ್ದಾರ ಕಾಶಿನಾಥರು ಬಂದಿದ್ದರು. ಸಭ್ಯ ಮನುಷ್ಯ, ಬೂಟು ಹೊರಗೆ ಬಿಟ್ಟು ಒಳಬಂದರು. ಅವರು ಮರಾಠಿಯಲ್ಲಿ ನುಡಿದುದನ್ನು ಇಲ್ಲಿ ಕನ್ನಡದಲ್ಲಿ ದಾಖಲಿಸುತ್ತೇನೆ.

“ಆಜೋಬಾ, ಸಮಾಧಿ ತೆರೆಯಬೇಕೆಂದು ಇವರು ಅರ್ಜಿಯ ಮೇಲೆ ಅರ್ಜಿ ಕೊಡುತ್ತಿದ್ದಾರೆ. ನಾವು ತೆಗೆದುಕೊಳ್ಳುತ್ತಿಲ್ಲ. ಇವರು ಯಾರು ಅವನಿಗೆ? ತಾಯಿ ಕೊಟ್ಟರೆ ಬೇರೆ ಮಾತು. ತಾಯಿಯ ಅರ್ಜಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಇಡಲೇಬೇಕಾಗುತ್ತದೆ.”

“ತಾಯಿಯು ಕೊಡುವುದಿಲ್ಲ” ಎಂದು ಸ್ಪಷ್ಟಪಡಿಸಿದೆನು. “ಲಿಂಗದೇಹವನ್ನು ಒಮ್ಮೆ ಮಣ್ಣಿಗೆ ಒಪ್ಪಿಸಿದ ಮೇಲೆ ಕದಲಿಸುವ ಪದ್ಧತಿ ನಮ್ಮಲ್ಲಿಲ್ಲ.”

“ಹಾಗಾದರೆ ಮುಗಿಯಿತು. ಬೇಸತ್ತು ತಾವಾಗಿಯೇ ಹೋಗುತ್ತಾರೆ. ಅಲ್ಲಿಯವರೆಗೆ ಕೆಳಗಿಳಿಯಬೇಡಿ. ಸಮಾಧಿಯ ಹತ್ತಿರವೂ ಒಬ್ಬ ಕಾನ್‌ಸ್ಟೆಬಲ್ ಇದ್ದಾನೆ.”

ಸೊಸೆಯು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಇದೆಲ್ಲವನ್ನೂ ಕೇಳಿದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

೨೪ ಅಕ್ಟೋಬರ್, ಗುರುವಾರ

ನೀರು ಬರಲಿಲ್ಲ. ನೀರಿನ ಟಾಕಿಯ ಮೇಲೂ ಹುಡುಗರು ಹತ್ತಿ ಕುಳಿತಿದ್ದಾರೆ.

೨೫ ಅಕ್ಟೋಬರ್, ಶುಕ್ರವಾರ

ದಿನವಿಡೀ ಕೆಳಗೆ ಅವನ ಧ್ವನಿ. ಸ್ಪೀಕರು ಹಚ್ಚಿದ್ದಾರೆ. ಅವನು ಹೇಳುವುದು, ಜನರು ಅದನ್ನು ಪೂರ್ತಿಮಾಡುವುದು. ಬಾಗಿಲು, ಕಿಟಕಿ ಮುಚ್ಚಿದರೂ ಗೋಡೆಯೊಳಗಿಂದ ಬರುತ್ತದೆ. ಅವನು ಬದುಕಿದ್ದಾಗ ಒಂದು ದಿನವೂ ಪೂರ್ತಿಯಾಗಿ ಕೇಳಿರಲಿಲ್ಲ. ಈಗ ಕೇಳದೆ ಇರುವ ಸ್ವಾತಂತ್ರ್ಯ ನನಗಿಲ್ಲ. ಬಾಯಿಪಾಠವಾಗಿರುವುದರಿಂದ ಬರೆದಿಡುತ್ತೇನೆ:

ಪೆಹಲಾ ಮಾಲಾ ಪಾನಿ ನಹೀ,
ದೂಸ್ರಾ ಮಾಲಾ ಸೋತಾ ನಹೀ,
ತೀಸ್ರಾ ಮಾಲಾ ಅಜ್ಜ ಹಮಾರಾ
‘ಸದರಿ’ ಬಿನಾ ಬೋಲ್ತಾ ನಹೀ.

ಇದಾದ ಮೇಲೆ ಜನರೆಲ್ಲ ಕೈಯೆತ್ತಿ, “ಸದರಿ! ಸದರಿ! ಸದರಿ!” ಎಂದು ಕೂಗುತ್ತಾರೆ. ತಹಶೀಲ್ದಾರರ ಕಚೇರಿಗೆ ಬರೆಯುವ ಪದವನ್ನು ಬೀದಿಯಲ್ಲಿ ಕೂಗಿಸಿದ್ದಾನೆ. ಇದು ಅಗೌರವವೆಂದು ನನ್ನ ಅಭಿಪ್ರಾಯ. ‘ಸೋತಾ ನಹೀ’ ಆದಮೇಲೆ ಅರ್ಧ ಉಸಿರು ತಡೆದು ‘ತೀಸ್ರಾ’ ಎನ್ನುತ್ತಾನೆ. ಆ ತಡೆ ಇಲ್ಲದಿದ್ದರೆ ಸಾಲು ನಿಲ್ಲುವುದಿಲ್ಲ. ಅಷ್ಟನ್ನು ಒಪ್ಪಿಕೊಳ್ಳಬೇಕು.

೨೬ ಅಕ್ಟೋಬರ್, ಶನಿವಾರ

ಬಾಗಿಲು ಬಡಿಯುವ ಶಬ್ದವಾಯಿತು. ಇಪ್ಪತ್ತರ ಆಸುಪಾಸಿನ ಹುಡುಗಿ. ಹೆಸರು ನಿಶಾ, ಸಾಂತಾಕ್ರೂಜ್‌ನ ಹೋಟೆಲೊಂದರ ರಿಸೆಪ್ಶನ್ನಿನಲ್ಲಿ ಕೆಲಸ, ತಂದೆಯ ಊರು ಧಾರವಾಡ. ವಿಡಿಯೋ ತೆಗೆದವಳು ತಾನೇ ಎಂದು ಹೊಸ್ತಿಲಲ್ಲೇ ಹೇಳಿದಳು. ಅವಳ ಕನ್ನಡ ಹೀಗಿತ್ತು:

“ಅಜ್ಜಾ, ನನಗೆ ಗೊತ್ತಿಲ್ಲ ಇತ್ತು. ನಮ್ಮ ಮನೆಯಲ್ಲಿ ಸುಡ್ತಾರೆ. ಮಲಗ್ಸಿ ತಗೊಂಡು ಹೋಗ್ತಾರೆ. ನಾನು ಅವನು ಕೂತಿದ್ದು ನೋಡಿ... ಮತಲಬ್... ಖುಷಿ ಆಗಿಬಿಟ್ಟೆ.”

ಎಲ್ಲರೂ ನೋಡುವಂತೆ ಹಾಕಿದ್ದನ್ನು ಡಿಲೀಟು ಮಾಡಿ, ತನ್ನ ಮೊಬೈಲಿನಲ್ಲಿ ಮಾತ್ರ ಉಳಿಸಿಕೊಂಡಿದ್ದಾಳಂತೆ. ಅಷ್ಟರಲ್ಲಿ ಎಲ್ಲರ ಬಳಿಯೂ ಹೋಗಿತ್ತಂತೆ. ಡಿಲೀಟು ಮಾಡಿದ್ದಕ್ಕೆ, ‘ದುಡ್ಡು ತಿಂದಿದ್ದಾಳೆ’ ಎಂದು ಅವಳನ್ನೂ ಬೈಯುತ್ತಿದ್ದಾರಂತೆ. ಕಠಿಣವಾಗಿ ಮಾತನಾಡಬೇಕೆಂದು ನಾನು ಎದ್ದು ನಿಂತಿದ್ದೆನು. ಸೊಸೆಯು ಅಷ್ಟರಲ್ಲಿ ಅವಳ ಕೈಹಿಡಿದು ಒಳಗೆ ಕರೆದಿದ್ದಳು.

“ಬಾ ಯವ್ವಾ. ಚಾ ಕುಡಿ. ಎಷ್ಟ ಬಡವಾಗೀದಿ.”

ಮೊದಲ ಬಾರಿ ನೋಡಿದವಳನ್ನು ಬಡವಾಗಿದ್ದೀ, ಅಂದರೆ ಸೊರಗಿದ್ದೀ, ಎನ್ನುವುದಕ್ಕೆ ಆಧಾರವೇನೆಂದು ನಾನು ಕೇಳಲಿಲ್ಲ.

ಚಹಾ ಕುಡಿಯುವಾಗ ಅವಳು, “ಅಜ್ಜಾ, ‘ಸದರಿ’ ಅಂದರೆ ಏನು? ನಾವು ಎಲ್ಲರೂ ಕೂಗ್ತೀವಿ, ಯಾರಿಗೂ ಗೊತ್ತಿಲ್ಲ” ಎಂದಳು. ‘ಮೇಲೆ ಈಗಾಗಲೇ ಹೇಳಲಾದ ವ್ಯಕ್ತಿ ಅಥವಾ ವಸ್ತು’ ಎಂದು ವಿವರಿಸಿದೆನು. ಹೆಸರನ್ನು ಮತ್ತೆ ಮತ್ತೆ ಬರೆಯುವುದು ಬೇಡವೆಂದು ಆ ಪದ. ಒಮ್ಮೆ ಹೇಳಿದವನು ಕೊನೆಯ ಸಾಲಿನವರೆಗೂ ಇರುತ್ತಾನೆ. ಅವಳು ಬಟ್ಟಲನ್ನು ಕೆಳಗಿಟ್ಟು ಅಳತೊಡಗಿದಳು. ವ್ಯಾಕರಣದಲ್ಲಿ ಅಳುವಂಥದ್ದೇನಿದೆಯೋ ತಿಳಿಯದು.

ಹೋಗುವ ಮುನ್ನ, ಸೊಸೆಯು ಕೇಳಿದಳೆಂದು, ನಿಶಾ ಆ ವಿಡಿಯೋವನ್ನು ಸೊಸೆಯ ಮೊಬೈಲಿಗೆ ಹಾಕಿಕೊಟ್ಟಳು. ಪರಿಶೀಲನೆಯ ಸಲುವಾಗಿ ನಾನೂ ನೋಡಿದೆನು. ಒಮ್ಮೆ ಮಾತ್ರ.

೨೭ ಅಕ್ಟೋಬರ್, ಭಾನುವಾರ

ಪರಿಶೀಲನೆಯನ್ನು ಮುಂದುವರಿಸಲಾಯಿತು. ದಾಖಲಿಸಬೇಕಾದ ಅಂಶವೊಂದಿದೆ. ಸದರಿ ಬಂಡೆಪ್ಪನು ಬಟ್ಟೆಯನ್ನು ಒಮ್ಮೆ ಎಳೆದೆನೆಂದು ಹೇಳಿದ್ದಾನೆ. ವಿಡಿಯೋದಲ್ಲಿ ತಲೆ ಎರಡು ಬಾರಿ ಅಲುಗುತ್ತದೆ. ಮೊದಲನೆಯದರಲ್ಲಿ ಬಂಡೆಪ್ಪನ ಮೊಣಕೈ ಹಿಂದೆ ಕಾಣುತ್ತದೆ. ಎರಡನೆಯದರಲ್ಲಿ ಬಂಡೆಪ್ಪನು ಆಗಲೇ ಪಕ್ಕಕ್ಕೆ ಸರಿದು ತಾಳ ಹಿಡಿದಿದ್ದಾನೆ.

ಬಂಡೆಪ್ಪನಿಗೆ ಫೋನು ಮಾಡಿ, “ಎಷ್ಟು ಸಲ ಎಳೆದೆ?” ಎಂದು ಕೇಳಿದೆನು.

“ಒಮ್ಮೆರೀ ಅಣ್ಣಾರ. ಯಾಕ್ರಿ?”

“ಸರಿಯಾಗಿ ಜ್ಞಾಪಿಸಿಕೋ.”

“ಒಮ್ಮೆ ಅಂದ್ರ ಒಮ್ಮೆರೀ. ನೀವೂ ಅವರ ಕಡೆ ಆದ್ರೇನು ಮತ್ತ?”

ಫೋನು ಇಟ್ಟೆನು. ಇದು ಕೇವಲ ವಾಸ್ತವಾಂಶದ ಪ್ರಶ್ನೆ.

೨೮ ಅಕ್ಟೋಬರ್, ಸೋಮವಾರ

ಮಧ್ಯಾಹ್ನ ಊಟವಾದ ಮೇಲೆ ಸೊಸೆಯು ಎದುರಿಗೆ ಬಂದು ಕುಳಿತಳು. ಮದುವೆಯಾಗಿ ಬಂದಂದಿನಿಂದ ಅವಳು ನನ್ನ ಎದುರಿಗೆ ಕುಳಿತವಳಲ್ಲ.

“ಮಾವಾರ, ನನಗೊಂದು ಅರ್ಜಿ ಬರದು ಕೊಡ್ರಿ.”

“ಯಾತರ ಅರ್ಜಿ?”

“ಅವನ್ನ ಒಮ್ಮೆ ತಗೀಬೇಕು ಅಂತ.”

ಪದ್ಧತಿಯನ್ನು ವಿವರಿಸಿದೆನು. ಮಠದ ಅಯ್ಯನವರು ಏನೆನ್ನುವರು, ಸಮಾಜದವರು ಏನೆನ್ನುವರು ಎಂದು ಕ್ರಮವಾಗಿ ಹೇಳಿದೆನು. ಅವಳು ನೆಲವನ್ನು ನೋಡುತ್ತ ಕೇಳಿ, “ದಾದರದಾಗ ಯಾರ ಬಂದ್ರೂ ಇಲ್ಲ ಅನ್ನಲಿಲ್ಲ ನೀವು. ಕುಡದು ಬಂದವರಿಗೂ ಬರದು ಕೊಟ್ರಿ. ನಾ ಎಂದಾದ್ರೂ ಏನರೆ ಕೇಳೀನೇನ್ರಿ?” ಎಂದಳು.

ಕೇಳಿರಲಿಲ್ಲ. ಅವಳ ಗಂಡ ಶ್ರೀಶೈಲನು ಹೋದಾಗಲೂ ಏನನ್ನೂ ಕೇಳಿರಲಿಲ್ಲ.

ಉತ್ತರ ಕೊಡಲು ಸಮಯ ಬೇಕೆಂದೆನು. ಹೊರಗೆ ಹೋಗಿ ಯೋಚಿಸಬಹುದಾದ ಜಾಗವೂ ಇಲ್ಲ. ಗ್ಯಾಲರಿಯಲ್ಲಿ ಮೊಬೈಲುಗಳು, ಮೆಟ್ಟಿಲಲ್ಲಿ ಮೇಣ, ಒಳಗೆ ಅವಳು. ಗೋಡೆಗೆ ಮುಖಮಾಡಿ ಕುಳಿತೆನು.

೨೯ ಅಕ್ಟೋಬರ್, ಮಂಗಳವಾರ

ಎರಡನೆಯ ಅಲುಗಾಟವು ಮೊದಲನೆಯದರಂತಿಲ್ಲ. ಮೊದಲನೆಯದು ಹಿಂದಕ್ಕೆ ಸೆಳೆದಂತೆ. ಎರಡನೆಯದು ಮುಂದಕ್ಕೆ, ಮೆಲ್ಲಗೆ, ಕರೆದಾಗ ‘ಹ್ಞೂಂ’ ಎನ್ನುವವರಂತೆ. ಅವನು ಚಿಕ್ಕವನಿದ್ದಾಗ ಪುಸ್ತಕದಿಂದ ತಲೆ ಎತ್ತದೆ ಹೀಗೆಯೇ ಹ್ಞೂಂಗುಟ್ಟುತ್ತಿದ್ದನು.

ವೈದ್ಯರೂ ಮನುಷ್ಯರೇ. ಅವಸರದಲ್ಲಿ ಬರೆದ ಕಾಗದಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಜೀವಂತ ರೈತನನ್ನು ಮೃತನೆಂದು ಪಹಣಿಯಲ್ಲಿ ನಮೂದಿಸಿದ್ದುಂಟು. ಅಂಥವರ ಪರವಾಗಿ ಅರ್ಜಿ ಬರೆದು ಸರಿಪಡಿಸಿಕೊಟ್ಟವನು ನಾನೇ. ಸಮಾಧಿಯೊಳಗೆ ದೇಹ ಕೂರಲು ಗೂಡು ಬಿಟ್ಟಿರುತ್ತಾರೆ, ಅದರಲ್ಲಿ ಗಾಳಿ ಇರುತ್ತದೆ.

ಈ ಸಾಲನ್ನು ಹೊಡೆದುಹಾಕಬೇಕು. ಬೇರೆ ಶಾಯಿ ಇಲ್ಲದ ಕಾರಣ ಹಾಗೆಯೇ ಬಿಟ್ಟಿದ್ದೇನೆ.

ಸೊಸೆಯ ಮೊಬೈಲಿನ ಚಾರ್ಜು ಮುಗಿದಿದ್ದಕ್ಕೆ ಅವಳು ನನ್ನನ್ನು ನೋಡಿದಳು.

೩೦ ಅಕ್ಟೋಬರ್, ಬುಧವಾರ

ಬರೆಯಲು ಒಪ್ಪಿಕೊಂಡೆನು. ಕೇಳಿದವರಿಗೆ ಬರೆದುಕೊಡುವುದು ನನ್ನ ವೃತ್ತಿಧರ್ಮ. ಇದರಲ್ಲಿ ನನ್ನ ಸ್ವಂತ ಅಭಿಪ್ರಾಯದ ಪ್ರಶ್ನೆಯಿಲ್ಲ. ಇಲ್ಲಿನ ಕಚೇರಿಗೆ ಮರಾಠಿ ಬೇಕು. ಆದ್ದರಿಂದ ಕನ್ನಡದಲ್ಲಿ ಬರೆದು, ಅದನ್ನು ನಾನು ಮರಾಠಿಯಲ್ಲಿ ಹೇಳಿ, ಕಾಶಿನಾಥರಿಂದ ಬರೆಸುವುದೆಂದು ನಿಶ್ಚಯವಾಯಿತು.

ಬೆಳಿಗ್ಗೆ ಕುಳಿತವನು ಊಟಕ್ಕೆ ಏಳಲಿಲ್ಲ. ಕೆಳಗಿನ ಸ್ಪೀಕರಿನ ಶಬ್ದವು ಕಾಡಲಿಲ್ಲ. ಬದಲಾಗಿ ಬರವಣಿಗೆಯು ಅದಕ್ಕೆ ಸರಿಯಾಗಿ ಸಾಗಿತು. ಸಾಲು ಎಲ್ಲಿ ತಡೆಯಬೇಕೋ ಅಲ್ಲಿ ತಡೆಯಿತು. ಎಷ್ಟೋ ಅರ್ಜಿಗಳನ್ನು ನೋಡಿ ನಕಲು ಮಾಡಿ ಕಲಿತವನು ನಾನು. ಇದನ್ನು ಯಾವುದರಿಂದಲೂ ನಕಲು ಮಾಡಲಿಲ್ಲ. ಇಂಥದೊಂದನ್ನು ಈವರೆಗೆ ಬರೆದಿಲ್ಲವೆಂದು ಸಂಕೋಚವಿಲ್ಲದೆ ಹೇಳಬಲ್ಲೆ.

ಶುದ್ಧ ಪ್ರತಿ ಸಿದ್ಧವಾಗಿದೆ. ಕಾಶಿನಾಥರಿಗೆ ನಾಳೆ ಬರಲು ಹೇಳಿದ್ದಾಗಿದೆ.

೩೧ ಅಕ್ಟೋಬರ್, ಗುರುವಾರ

ರುಜು ಮಾಡುವ ಮೊದಲು ಅರ್ಜಿದಾರರಿಗೆ ಪೂರ್ತಿ ಓದಿ ಹೇಳುವುದು ನಾನು ಎಂದೂ ತಪ್ಪಿಸದ ನಿಯಮ. ಕಾಶಿನಾಥರು ಕುರ್ಚಿಯಲ್ಲಿ, ಸೊಸೆಯು ಚಾಪೆಯ ಮೇಲೆ. ನಿಂತು ಓದಿದೆನು.

ಪೀಠಿಕೆ ಮುಗಿಯಿತು. ಕಾರಣಗಳ ಭಾಗಕ್ಕೆ ಬಂದೆನು. “ಸದರಿ ವಿಡಿಯೋದಲ್ಲಿ ಗುರುಬಸವನ ಶಿರಸ್ಸು ಎರಡನೆಯ ಬಾರಿ, ಯಾರೊಬ್ಬರ ಸಹಾಯವೂ ಇಲ್ಲದೆ, ತಾನೇ ತಾನಾಗಿ ಮುಂದಕ್ಕೆ ಬಾಗಿರುವುದರಿಂದಲೂ, ಸದರಿ ಗುರುಬಸವನು ಇನ್ನೂ ಜೀವಂತವಾಗಿರುವ ಸಂಭವವನ್ನು ತಳ್ಳಿಹಾಕಲು ಬಾರದ್ದರಿಂದಲೂ...”

“ನಿಂದರ್ರಿ ಮಾವಾರ” ಎಂದಳು ಸೊಸೆ.

ಓದುವಾಗ ನಡುವೆ ಮಾತನಾಡಬಾರದೆಂದೆನು.

“ಜೀವಂತ ಅಂತ ನಾ ಅಂದಿದ್ದಿಲ್ಲರಿ.”

“ಅರ್ಜಿಗೆ ಕಾರಣ ಬೇಕು. ಸಮಾಧಿಯನ್ನು ಸುಮ್ಮನೆ ತೆರೆಯುವುದಿಲ್ಲ.”

“ಇನ್ನೊಮ್ಮೆ ಮಾರಿ ನೋಡಬೇಕು ಅಂತ ಕೇಳಿದ್ದೆ. ಅಷ್ಟ. ಅವತ್ತು ಮಂದಿ ಗದ್ಲದಾಗ ನೆಟ್ಟಗ ನೋಡಾಕ ಆಗಲಿಲ್ಲ.” ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಎರಡನೇ ಸಲ ಅಲುಗಿಸಿದಾಕಿ ನಾನರೀ. ಹಾರದ ಹಿಂದ ನನ್ನ ಕೈ ಇತ್ತು. ಹೆಗಲು ಹಿಡದು, ‘ಏಳೋ ಬಸ್ಯಾ’ ಅಂದೆ. ಜ್ವರದಾಗ ಗುಳಿಗಿ ಕೊಡಾಕ ಹಂಗ ಎಬ್ಬಸ್ತಿದ್ದೆ. ಏಳಲಿಲ್ಲ.”

ವಿಡಿಯೋದಲ್ಲಿ ಆ ಕೈ ಕಾಣಿಸುವುದಿಲ್ಲವೆಂದು ನಾನು ತಿಳಿಸಿದೆನು. ನಾಲ್ಕನೆಯ ಕಾರಣವನ್ನು ತೆಗೆದರೂ ಐದನೆಯದು ನಿಲ್ಲುತ್ತದೆ, ಆಸ್ಪತ್ರೆಯ ಕಾಗದದಲ್ಲಿ ವಯಸ್ಸು ತಪ್ಪಾಗಿದೆ, ಅದರಿಂದಲೂ ಸಂಶಯಕ್ಕೆ ಎಡೆಯಿದೆ ಎಂದೆನು. ಮುಂದಿನದನ್ನಾದರೂ ಕೇಳು ಎಂದೆನು. ಅದನ್ನು ಹೇಳುವಾಗ ನನ್ನ ಧ್ವನಿ ಕೊಂಚ ಏರಿತ್ತೆಂದು ಕಾಣುತ್ತದೆ, ಏಕೆಂದರೆ ಕಾಶಿನಾಥರು ಎದ್ದುನಿಂತು ನನ್ನ ಮೊಣಕೈಯನ್ನು ಹಿಡಿದುಕೊಂಡರು. ಹಿಡಿಯುವ ಅಗತ್ಯವಿರಲಿಲ್ಲ.

ಸೊಸೆಯು ಬಂದು ಕಾಗದಗಳನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಮಡಿಚಲಿಲ್ಲ, ಹರಿಯಲಿಲ್ಲ, ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟಳು.

“ಸಾಕ್ರಿ ಮಾವಾರ. ಅಂವ ಕುಂತಾನ. ಕುಂದರ್ಲಿ ಬಿಡ್ರಿ.”

ಆಮೇಲೆ ಗ್ಯಾಲರಿಯ ಬಾಗಿಲನ್ನು ತೆರೆದು ಹೊರಗೆ ಹೋದಳು. ಕೆಳಗೆ ಕೂಗು ಎದ್ದಿತು. ಅವಳು ಕಟಕಟೆ ಹಿಡಿದು ಹಾಗೆಯೇ ನಿಂತಳು. ಯಾರೋ ಸ್ಪೀಕರು ಆರಿಸಿದರು. ಅವಳು ತನಗೆ ಬರುವ ಹಿಂದಿಯಲ್ಲಿ ಹೇಳಿದಳು: “ಮೈನೆ ಹಿಲಾಯಾ ಥಾ ಉಸ್ಕೋ. ಮೈ. ಉಸ್ಕಿ ಮಾ. ವೋ ಉಠಾ ನಹೀ.”

ಒಬ್ಬನು, “ಝೂಟ್! ಪೊಲೀಸ್ ಐಸಾ ಬುಲ್ವಾ ರಹೀ ಹೈ!” ಎಂದು, ಪೊಲೀಸರೇ ಹೀಗೆ ಹೇಳಿಸುತ್ತಿದ್ದಾರೆಂಬಂತೆ ಕೂಗಿದನು. ಪಕ್ಕದವನು ಅವನ ಬಾಯಿಗೆ ಕೈಯಿಟ್ಟನು. ಗುಂಪಿನಲ್ಲಿದ್ದ ನಿಶಾ ಟಾರು ರಸ್ತೆಯ ಮೇಲೆಯೇ ಕುಸಿದು ಕುಳಿತಳು. ಕೆಲವರು ಹೊರಟರು, ಕೆಲವರು ಹೊರಡಲಿಲ್ಲ. ಮೆಟ್ಟಿಲ ಮೇಣವನ್ನು ಇಬ್ಬರು ಹುಡುಗರು ಚಾಕುವಿನಿಂದ ಕೆರೆಯತೊಡಗಿದರು.

ಕಾಶಿನಾಥರು ಟೋಪಿ ಹಾಕಿಕೊಂಡು, “ಆಜೋಬಾ, ಇನ್ನು ನೀವು ಕೆಳಗಿಳಿಯಬಹುದು” ಎಂದರು. ಇಂದು ಬೇಡವೆಂದೆನು. ಮೊಣಕಾಲು ನೋಯುತ್ತಿದೆ.

ಅರ್ಜಿಯ ಭಾಷೆಯಲ್ಲಿ ಯಾವ ದೋಷವೂ ಇರಲಿಲ್ಲ. ಈಗ ಮತ್ತೊಮ್ಮೆ ಓದಿ ನೋಡಿದ್ದೇನೆ. ಯಾವ ಮ್ಯಾಜಿಸ್ಟ್ರೇಟರೂ ತಿರಸ್ಕರಿಸಲಾಗದಂತಿದೆ.

(ರುಜು)
ಶರಣಬಸಪ್ಪ ಮಲಕಪ್ಪ ಹಂಜಗಿ
ಗುರುಬಸವನ ಅಜ್ಜ

ಲಗತ್ತು: ೧. ಸಮಾಧಿಯನ್ನು ತೆರೆಸಲು ಕೋರಿದ ಅರ್ಜಿಯ ಶುದ್ಧ ಪ್ರತಿ. ಅರ್ಜಿದಾರಳ ರುಜು ಇರುವುದಿಲ್ಲ. ಬರೆದವನ ರುಜು ಇದೆ.